ಓವರ್‌ಟೈಮ್ (ಓಟಿ) ನಿಂತಿದೆ, ಪೆಟ್ರೋಲ್ ಇಳಿದಿಲ್ಲ. ಹಳೇ ಆಲ್ಟೋ ಮಾರಲಾ, ಇಟ್ಟುಕೊಳ್ಳಲಾ?

ಮಂಡ್ಯ ಟು ಹೆಬ್ಬಾಳ:

ಎಲ್ಲರಿಗೂ ನಮಸ್ಕಾರ. ಮನೆ ಮಂಡ್ಯ, ಕೆಲಸ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಯಲ್ಲಿ. ಆರ್ಡರ್ ಕಮ್ಮಿ ಅಂತ ನಾಲ್ಕು ತಿಂಗಳಿಂದ ಓಟಿ ಪೂರ್ತಿ ನಿಲ್ಲಿಸಿದ್ದಾರೆ. ಓಟಿಯಲ್ಲೇ ತಿಂಗಳಿಗೆ ಆರು ಸಾವಿರದ ಹತ್ತಿರ ಬರುತ್ತಿತ್ತು, ಪೆಟ್ರೋಲು, ಮಗಳ ಸ್ಕೂಲ್ ವ್ಯಾನು ಎರಡೂ ಅದರಲ್ಲೇ ಕಳೆಯುತ್ತಿತ್ತು. ಸಂಬಳ ಇಳಿಯಿತು ಅಂತ ದಾರಿ ಕಮ್ಮಿ ಆಗಲ್ಲವಲ್ಲ. ದಿನಕ್ಕೆ ಹೋಗಿ ಬರೋದು 88 ಕಿ.ಮೀ. ಬೈಕು 55 ಕೊಡುತ್ತದೆ. ಲೀಟರಿಗೆ 103 ಅಂತ ಹಿಡಿದರೆ ದಿನಕ್ಕೆ 165 ರೂಪಾಯಿ, 26 ದಿನಕ್ಕೆ 4,285.

ಮೊದಲೆಲ್ಲ ಭಾನುವಾರ ಟ್ಯಾಂಕ್ ಫುಲ್ ಮಾಡಿಸಿ ಹೆಚ್ಚುಕಮ್ಮಿ ವಾರ ಪೂರ್ತಿ ಮರೆತುಬಿಡುತ್ತಿದ್ದೆ. ಈಗ ಇನ್ನೂರು ಇನ್ನೂರಕ್ಕೆ ಹಾಕಿಸುತ್ತೇನೆ. ಬೆಳಿಗ್ಗೆ ಐದಕ್ಕೆ ಕತ್ತಲಲ್ಲಿ ಗಾಡಿ ಅಲ್ಲಾಡಿಸಿ, ಟ್ಯಾಂಕಿಗೆ ಕಿವಿ ಕೊಟ್ಟು, ತಳದಲ್ಲಿ ಬರುವ ಸದ್ದಿನ ಮೇಲೆ ಇವತ್ತು ವಾಪಸ್ ಬರಬಹುದಾ ಅಂತ ಅಂದಾಜು. ಹೆಂಡತಿ ಕಿಟಕಿಯಿಂದ ನೋಡಿ ನಗುತ್ತಾಳೆ.

ಮನೆ ಮುಂದೆ 2014ರ ಆಲ್ಟೋ ಇದೆ, ಸಾಲ ತೀರಿದೆ. ತಿಂಗಳಿಗೆ ಎರಡು ಸಲ ಅಮ್ಮನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗೋದಕ್ಕೆ ಬಿಟ್ಟರೆ ನಿಂತೇ ಇರುತ್ತದೆ. ಸುಮ್ನೆ ಇನ್ಶೂರೆನ್ಸ್ ಕಟ್ಟೋದು ಯಾಕೆ, ಮಾರಿಬಿಡಲಾ? ಇನ್ನೊಂದು ಪ್ರಶ್ನೆ, ಮಾರ್ಕೆಟ್ ಬಿದ್ದಾಗ ಕಚ್ಚಾ ತೈಲ ಇಳಿಯಿತು ಅಂತ ಟಿವಿಯಲ್ಲಿ ಹೇಳುತ್ತಾರೆ. ಆ ಇಳಿದದ್ದು ನಮ್ಮ ಬಂಕಿಗೆ ಯಾಕೆ ಬರೋದಿಲ್ಲ?

ಲೆಕ್ಕದ ಮೇಷ್ಟ್ರು:

ಎರಡನೇ ಪ್ರಶ್ನೆಗೆ ಉತ್ತರ ಟ್ಯಾಕ್ಸ್‌ನಲ್ಲಿದೆ. ಕೇಂದ್ರದ ಅಬಕಾರಿ ಸುಂಕ ಶೇಕಡಾ ಲೆಕ್ಕದಲ್ಲಿಲ್ಲ, ಲೀಟರಿಗೆ ಇಷ್ಟು ರೂಪಾಯಿ ಅಂತ ಇದೆ. ತೈಲ ಎಷ್ಟೇ ಅಗ್ಗ ಆಗಲಿ, ಅದು ಅಲುಗಾಡೋದಿಲ್ಲ. ಅಗ್ಗ ಆದಾಗ ಅದನ್ನೇ ಏರಿಸಿದ್ದೂ ಉಂಟು. 2020ರ ಏಪ್ರಿಲ್ 20ರಂದು ಅಮೆರಿಕದ ಕಚ್ಚಾ ತೈಲದ ಫ್ಯೂಚರ್ಸ್ (ಮುಂಗಡ ವ್ಯಾಪಾರದ) ದರ ಸೊನ್ನೆಗಿಂತ ಕೆಳಗೆ ಹೋಗಿತ್ತು, ನೆನಪಿದೆಯಾ? ಆ ವರ್ಷ ಮಾರ್ಚ್‌ನಲ್ಲಿ 3 ರೂಪಾಯಿ, ಮೇನಲ್ಲಿ 10 ರೂಪಾಯಿ ಸೇರಿ ಪೆಟ್ರೋಲಿನ ಸುಂಕ 19.98ರಿಂದ 32.98ಕ್ಕೆ ಹೋಯಿತು. ಜನ ಮನೆಯಲ್ಲಿ ಕೂತಿದ್ದರು, ಗೊತ್ತಾಗಲಿಲ್ಲ. ಮುಂದಿನ ವರ್ಷ ಜೂನ್‌ನಲ್ಲಿ ಬೆಂಗಳೂರಲ್ಲಿ ಲೀಟರು ನೂರು ದಾಟಿದಾಗ ಗೊತ್ತಾಯಿತು. ಆಮೇಲೆ 2021ರ ನವೆಂಬರಿನಲ್ಲೂ 2022ರ ಮೇನಲ್ಲೂ ಸುಂಕ ಇಳಿಸಿದರು, ಅದನ್ನೂ ಹೇಳಬೇಕು.

ಅದರ ಮೇಲೆ ರಾಜ್ಯದ ಮಾರಾಟ ತೆರಿಗೆ. 2024ರ ಜೂನ್‌ನಲ್ಲಿ ಪೆಟ್ರೋಲಿಗೆ ಶೇ 25.92 ಇದ್ದದ್ದನ್ನು 29.84 ಮಾಡಿದರು, ರಾತ್ರೋರಾತ್ರಿ 3 ರೂಪಾಯಿ ಜಾಸ್ತಿ. ಯಾವ ಪಕ್ಷ ಅಂತ ಕೇಳಬೇಡಿ, ಎರಡೂ ಕಡೆಯವರ ಕೈ ನಮ್ಮ ಟ್ಯಾಂಕಿನೊಳಗಿದೆ. ತೈಲವನ್ನು ಡಾಲರಿನಲ್ಲಿ ಕೊಳ್ಳಬೇಕು, ರೂಪಾಯಿ ಬಿದ್ದರೆ ಅಲ್ಲಿ ಇಳಿದದ್ದು ಇಲ್ಲಿಗೆ ಬರುವಷ್ಟರಲ್ಲಿ ಕರಗಿರುತ್ತದೆ.

ಹಳದಿ ಬೋರ್ಡ್:

ಮೇಷ್ಟ್ರೇ, ಡೀಸೆಲ್ ಮರೆತಿರಿ. 2025ರ ಏಪ್ರಿಲ್ 1ರಿಂದ ತೆರಿಗೆ ಶೇ 21.17, ಮತ್ತೆ 2 ರೂಪಾಯಿ ಏರಿತು. ನಾನು ಮೈಸೂರಲ್ಲಿ ಟ್ಯಾಕ್ಸಿ ಓಡಿಸುತ್ತೇನೆ. ಕಿಲೋಮೀಟರಿಗೆ ಒಂದು ರೂಪಾಯಿ ಜಾಸ್ತಿ ಕೇಳಿದರೆ ಗಿರಾಕಿ ಪಕ್ಕದ ಗಾಡಿಯವನ ಕಡೆ ನೋಡುತ್ತಾನೆ. ಅವನದ್ದೂ ತಪ್ಪಿಲ್ಲ, ಅವನ ಜೇಬೂ ಬಿಗಿಯಾಗಿದೆ. ಮೊದಲು ಚಾಮುಂಡಿ ಬೆಟ್ಟ, ಅರಮನೆ, ಕೆಆರ್‌ಎಸ್ ಅಂತ ಎರಡು ದಿನಕ್ಕೆ ಗಾಡಿ ಮಾಡುತ್ತಿದ್ದವರು ಈಗ ಒಂದೇ ದಿನದಲ್ಲಿ ಮುಗಿಸಿ ರಾತ್ರಿ ರೈಲು ಹಿಡಿಯುತ್ತಾರೆ. ಅವರು ಝೂ ಒಳಗಿರುವಾಗ ನಾನು ಎಸಿ ಆಫ್ ಮಾಡಿ, ನಾಲ್ಕೂ ಬಾಗಿಲು ತೆಗೆದು ಮರದ ಕೆಳಗೆ ಕೂತಿರುತ್ತೇನೆ, ಶರ್ಟು ಸೀಟಿಗೆ ಅಂಟಿಕೊಂಡಿರುತ್ತದೆ. ಬಂದ ಮೇಲೆ ಗಾಡಿ ಯಾಕೆ ಇಷ್ಟು ಬಿಸಿ ಅಂತ ಬೈಗುಳ ಬೇರೆ.

ಆಲ್ಟೋ ಮಾರಬೇಡಿ ಬ್ರದರ್. ನೀವು ಕಷ್ಟದಲ್ಲಿದ್ದೀರಿ ಅಂತ ಬ್ರೋಕರ್‌ಗೆ ವಾಸನೆ ಬಂದರೆ ಅವನು ಹೇಳಿದ್ದೇ ರೇಟು.

ಕಬ್ಬಿನ ಗದ್ದೆ:

ಮೊದಲು 60 ಕೊಡುತ್ತಿದ್ದ ಬೈಕು ಈಗ 55ಕ್ಕೆ ಇಳಿದಿದ್ದರೆ ಅದರಲ್ಲಿ ನಮ್ಮ ಕಬ್ಬಿನ ಪಾಲೂ ಇರಬಹುದು! ಈಗ ಬರುತ್ತಿರುವುದು ಶೇ 20 ಎಥೆನಾಲ್ ಬೆರೆಸಿದ ಪೆಟ್ರೋಲ್. ಕಬ್ಬಿನ ರಸದಿಂದ, ಕಾಕಂಬಿಯಿಂದ ಮಾಡೋದು, ಈಗೀಗ ಅಕ್ಕಿ, ಮುಸುಕಿನ ಜೋಳದಿಂದಲೂ. ಎಥೆನಾಲ್‌ನಲ್ಲಿ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗ ಕಮ್ಮಿ. ಹಳೇ ಬೈಕಿಗೆ ಶೇ 3-4, ಹಳೇ ಕಾರಿಗೆ ಶೇ 6-7 ಮೈಲೇಜ್ ಇಳಿಯಬಹುದು ಅಂತ ನೀತಿ ಆಯೋಗದ ವರದಿಯಲ್ಲೇ ಅಂದಾಜಿತ್ತು. ಕಬ್ಬು ಬೆಳೆಯುವವನಾಗಿ ನಾನು ಎಥೆನಾಲ್ ಬೇಡ ಅನ್ನಲಾರೆ, ಕಾರ್ಖಾನೆಗೆ ಅದರಿಂದ ದುಡ್ಡು ಬಂದರೆ ನಮ್ಮ ಬಾಕಿ ಬೇಗ ಬರುತ್ತದೆ ಅನ್ನೋ ಆಸೆ. ಆದರೆ ಉಳುಮೆಗೆ ಬರುವ ಟ್ರ್ಯಾಕ್ಟರಿನವನು ಡೀಸೆಲ್ ನೆಪ ಹೇಳಿ ಗಂಟೆ ಬಾಡಿಗೆ ಏರಿಸಿದಾಗ ಆ ಆಸೆಯೂ ಅರ್ಧ ಆಗುತ್ತದೆ.

ಉಳಿದ ಇಳಿತಕ್ಕೆ ಟೈರ್ ಗಾಳಿ, ಚೈನು, ಏರ್ ಫಿಲ್ಟರ್ ನೋಡಿಸಿ. 200 ಬದಲು 210ಕ್ಕೆ ಹಾಕಿಸಿದರೆ ಜಾಸ್ತಿ ಬರುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅನುಮಾನ ಇದ್ದರೆ 5 ಲೀಟರ್ ಅಳತೆ ಪಾತ್ರೆ ತರಿಸಿ, ಪ್ರತಿ ಬಂಕಿನಲ್ಲೂ ಇರಲೇಬೇಕು. 25 ಎಂ.ಎಲ್‌ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಜಗಳ ಮಾಡಬಹುದು.

ಕುವೆಂಪುನಗರದ ಅಕ್ಕ:

ರೈಲು ಯಾಕೆ ನೋಡಬಾರದು? ಮಂಡ್ಯ-ಮೈಸೂರು ತಿಂಗಳ ಪಾಸು ಪೆಟ್ರೋಲ್ ಖರ್ಚಿನ ಮುಂದೆ ಏನೂ ಅಲ್ಲ. ನನ್ನ ಬಸ್ಸಿನ ಖರ್ಚಂತೂ ಶಕ್ತಿ ಯೋಜನೆ ಬಂದ ಮೇಲೆ ಸೊನ್ನೆ. ನಮ್ಮೆಜಮಾನ್ರದ್ದು ಹಾಗಲ್ಲ, ಕೆಎಸ್ಸಾರ್ಟಿಸಿ 2025ರ ಜನವರಿಯಲ್ಲಿ ಶೇ 15 ಏರಿಸಿತಲ್ಲ, ಅಂದಿನಿಂದ ಟಿಕೆಟ್ ತಗೊಳ್ಳುವಾಗಲೆಲ್ಲ ನನ್ನ ಮುಖ ನೋಡುತ್ತಾರೆ.

ಶಿಫ್ಟಿಗೆ ರೈಲು ಸರಿಹೋಗದಿದ್ದರೆ, ಆ ಆಲ್ಟೋವನ್ನೇ ನಾಲ್ಕು ಜನ ಸೇರಿ ಓಡಿಸಿ. 88 ಕಿ.ಮೀ.ಗೆ 18 ಮೈಲೇಜ್ ಹಿಡಿದರೆ 504 ರೂಪಾಯಿ, ತಲೆಗೆ 126. ಗಣಂಗೂರು ಟೋಲಿಗೆ ಫಾಸ್ಟ್ಯಾಗ್ ವಾರ್ಷಿಕ ಪಾಸು ಮಾಡಿಸಿ, 2025ರಲ್ಲಿ ಅದು ಶುರುವಾದಾಗ 3,000 ರೂಪಾಯಿಗೆ 200 ಸಲ ಇತ್ತು, ಅಂದರೆ ಒಂದು ಸಲಕ್ಕೆ ಸುಮಾರು 15. ಹೋಗಿ ಬರೋದಕ್ಕೆ 30, ಅದೂ ನಾಲ್ಕು ಪಾಲು. ಒಟ್ಟು 134 ರೂಪಾಯಿಯೂ ದಾಟೋದಿಲ್ಲ, ನಿಮ್ಮ ಬೈಕಿಗಿಂತ ಕಮ್ಮಿ ಅಲ್ವಾ? ಬೈಕನ್ನು ಎಕ್ಸ್‌ಪ್ರೆಸ್‌ವೇಗೆ ಬಿಡೋದೂ ಇಲ್ಲ, ಸರ್ವಿಸ್ ರಸ್ತೆಯ ಹಂಪುಗಳಲ್ಲಿ ಸೊಂಟ ಹೋಗುತ್ತದೆ. ಪೆಟ್ರೋಲ್ ಪಾಲು ಮಾತ್ರ ಹಂಚಿಕೊಳ್ಳಿ, ಬಾಡಿಗೆ ಅಂತ ಲಾಭ ಮಾಡೋಕೆ ಹೋಗಬೇಡಿ. ಬಿಳಿ ಬೋರ್ಡ್ ಗಾಡಿ, ಸಿಕ್ಕಿಹಾಕಿಕೊಂಡರೆ ತೊಂದರೆ.

ಹಳದಿ ಬೋರ್ಡ್:

ಅಕ್ಕ ಕೊನೆಗೆ ಹೇಳಿದ ಮಾತಿಗೆ ನನ್ನದೊಂದು ನಮಸ್ಕಾರ. 🙏

ಮಂಡ್ಯ ಟು ಹೆಬ್ಬಾಳ:

ಎಲ್ಲರಿಗೂ ಥ್ಯಾಂಕ್ಸ್. ರೈಲು ಆಗಲ್ಲ ಅಕ್ಕ, ಈ ವಾರ ಆರು ಗಂಟೆ ಶಿಫ್ಟು, ಮುಂದಿನ ವಾರ ಎರಡು ಗಂಟೆದು. ಕಾರಿನ ಲೆಕ್ಕ ಮಾತ್ರ ತಲೆಗೆ ಹೊಳೆದೇ ಇರಲಿಲ್ಲ. ನಿನ್ನೆ ಕ್ಯಾಂಟೀನಲ್ಲಿ ಮಾತಾಡಿದೆ, ಇಬ್ಬರು ಒಪ್ಪಿದರು. ಒಬ್ಬರಿಗೆ ಮುಂದಿನ ಸೀಟೇ ಬೇಕಂತೆ, ಮಂಡಿ ನೋವು. ನನ್ನನ್ನೂ ಸೇರಿಸಿ ಮೂವರು. ಮನೆಗೆ ಬಂದು ಮತ್ತೆ ಲೆಕ್ಕ ಹಾಕಿದರೆ, ಮೂವರೇ ಆದರೆ ತಲೆಗೆ 178 ಬೀಳುತ್ತದೆ, ಬೈಕೇ ವಾಸಿ!

ನಾಲ್ಕನೆಯವರು ಬೇಕು. ಮಂಡ್ಯದ ಕಲ್ಲಹಳ್ಳಿ, ಗುತ್ತಲು ಕಡೆಯಿಂದ ಹೆಬ್ಬಾಳಕ್ಕೆ ಈ ವಾರ ಆರರ ಶಿಫ್ಟಿಗೆ ಹೋಗುವವರು ಯಾರಾದರೂ ಇದ್ದರೆ ಮೆಸೇಜ್ ಮಾಡಿ. ಹಿಂದಿನ ಸೀಟು, ಕಿಟಕಿ ಪಕ್ಕ ಖಾಲಿ ಇದೆ.