ಪದಚರ್ಚೆ: ‘ಸರ್‌ಪ್ಲಸ್’ ಮಿಲಿಟರಿ ಲಾರಿಗೆ ಕನ್ನಡದಲ್ಲಿ ಏನೆನ್ನಬೇಕು?

ಮಾನ್ಯರೇ,

ಅಮೆರಿಕದ ಸೇನೆ ಬಳಸಿ ಮಾರುವ ದೊಡ್ಡ ಲಾರಿಗಳನ್ನು ಅಲ್ಲಿನ ಸಾಮಾನ್ಯ ಜನ ಹರಾಜಿನಲ್ಲಿ ಕೊಂಡು ರಸ್ತೆಗಿಳಿಸುವ ಬಗೆಯನ್ನು ವಿವರಿಸುವ ಕನ್ನಡ ಬರಹವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಎಂಜಿನ್, ಗೇರು, ಕ್ಲಚ್ಚುಗಳ ವಿಚಾರ ಬರೆಯುವಾಗ ಅಷ್ಟೇನೂ ತೊಡಕಾಗಲಿಲ್ಲ. ನಮ್ಮ ಗ್ಯಾರೇಜುಗಳಲ್ಲಿ ಆ ಪದಗಳು ಎಂದೋ ಕನ್ನಡದವಾಗಿವೆ. ಕೈ ತಡೆದದ್ದು ತಲೆಬರಹದಲ್ಲೇ. ‘ಸರ್‌ಪ್ಲಸ್’ (ಬೇಡವಾಗಿ ಉಳಿದದ್ದು) ಎಂಬುದಕ್ಕೆ ಯಾವ ಪದವನ್ನು ಹಾಕಿದರೂ ಅರ್ಥ ಒಂದು ಕಡೆಗೆ ಜಾರುತ್ತದೆ, ಮತ್ತು ಹಾಗೆ ಜಾರಿದ ಅರ್ಥವನ್ನು ನಂಬಿ ಯಾರಾದರೂ ಹಣ ಕಟ್ಟಿದರೆ ರಸ್ತೆಯಲ್ಲಿ ಓಡಿಸಲಾಗದ ಲಾರಿ ಅವರ ಅಂಗಳದಲ್ಲಿ ಉಳಿಯಬಹುದು. ಆದ್ದರಿಂದ ಪ್ರಶ್ನೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಮುಂದಿಡುತ್ತಿದ್ದೇನೆ.

ಪತ್ರಿಕೆಗಳಲ್ಲಿ ಕಾಣುವ ಪದಗಳನ್ನು ಮೊದಲು ನೋಡೋಣ. ‘ಗುಜರಿ’ ಎಲ್ಲಕ್ಕಿಂತ ಸುಲಭವಾಗಿ ಬಾಯಿಗೆ ಬರುತ್ತದೆ. ಆದರೆ ಗುಜರಿ ಸೇರಿತು ಎಂದರೆ ಒಡೆದು ಕಬ್ಬಿಣಕ್ಕೆ ಹೋಯಿತು ಎಂದೇ ಅರ್ಥ. 2021ರಲ್ಲಿ ಕೇಂದ್ರ ಸರ್ಕಾರ ಹಳೆಯ ವಾಹನಗಳ ನೀತಿಯನ್ನು ಪ್ರಕಟಿಸಿದ ಮೇಲೆ ‘ಗುಜರಿ ನೀತಿ’ ಎಂಬ ಬಳಕೆಯಿಂದ ಆ ಅರ್ಥ ಇನ್ನಷ್ಟು ಗಟ್ಟಿಯಾಗಿದೆ. ಸೇನೆ ಮಾರಿದ ಲಾರಿಗಳಲ್ಲಿ ಎಷ್ಟೋ ಲಾರಿಗಳು ಬ್ಯಾಟರಿ ಹಾಕಿದರೆ ಹೊರಡುವ ಸ್ಥಿತಿಯಲ್ಲಿರುತ್ತವೆ. ಅಂಥವನ್ನು ಗುಜರಿ ಎಂದರೆ ವಸ್ತುಸ್ಥಿತಿಗೆ ದೂರವಾಗುತ್ತದೆ. ‘ವಿಲೇವಾರಿ’ ಸರ್ಕಾರಿ ಕನ್ನಡದಲ್ಲಿ ಬೇರೂರಿದ ಪದ. ಅರ್ಜಿ ವಿಲೇವಾರಿ, ಕಡತ ವಿಲೇವಾರಿ ಎಂದು ದಿನವೂ ಓದುತ್ತೇವೆ. ಆದರೆ ‘ವಿಲೇವಾರಿ ಲಾರಿ’ ಎಂದು ಬರೆದರೆ ಓದುಗರಿಗೆ ನಗರಸಭೆಯ ಕಸದ ಲಾರಿಯೇ ಕಣ್ಣ ಮುಂದೆ ಬರುತ್ತದೆ. ‘ಮಾಜಿ’ ಎಂಬುದು ಹುದ್ದೆಯಿಂದಿಳಿದ ಮನುಷ್ಯರಿಗೆ ಒಪ್ಪುತ್ತದೆ, ವಾಹನಕ್ಕೆ ಒಪ್ಪುವುದಿಲ್ಲ.

ಉಳಿದದ್ದು ‘ಹೆಚ್ಚುವರಿ’. ನಿಘಂಟಿನ ಮಟ್ಟಿಗೆ ಇದು ಸರಿಯೇ. ಆದರೆ ಹೆಚ್ಚುವರಿ ನ್ಯಾಯಾಧೀಶರು, ಹೆಚ್ಚುವರಿ ಬಸ್ಸು ಎನ್ನುವಾಗ ಇದ್ದದ್ದು ಸಾಲದೆ ಸೇರಿಸಿಕೊಂಡದ್ದು ಎಂಬ ಅರ್ಥ ಬರುತ್ತದೆ; ನಮಗೆ ಬೇಕಾದ ಅರ್ಥವಾದರೋ ಇದ್ದದ್ದು ಬೇಡವಾಗಿ ಉಳಿದದ್ದು. ಇಷ್ಟು ಮಾತ್ರವಾಗಿದ್ದರೆ ಸಂದರ್ಭವೇ ಅರ್ಥವನ್ನು ತಿದ್ದುತ್ತದೆಂದು ಸುಮ್ಮನಿರಬಹುದಿತ್ತು. ಅಮೆರಿಕದ ಫೆಡರಲ್ ಕಾನೂನು ಅಷ್ಟಕ್ಕೆ ಬಿಡುವುದಿಲ್ಲ. ಅದು ‘ಎಕ್ಸೆಸ್’ ಮತ್ತು ‘ಸರ್‌ಪ್ಲಸ್’ ಎಂಬ ಎರಡು ಪದಗಳಿಗೆ ಬೇರೆ ಬೇರೆ ಲಕ್ಷಣ ಹೇಳಿದೆ. ಒಂದು ಇಲಾಖೆಯ ವಶದಲ್ಲಿದ್ದು ಆ ಇಲಾಖೆಗೆ ಬೇಡವಾದ ಸೊತ್ತು ಎಕ್ಸೆಸ್. ಅದನ್ನು ಉಳಿದ ಫೆಡರಲ್ ಇಲಾಖೆಗಳ ಮುಂದಿಟ್ಟು, ಅವುಗಳಲ್ಲಿ ಯಾವುದಕ್ಕೂ ಬೇಡವೆಂದು ತೀರ್ಮಾನವಾದ ಮೇಲೆ ಮಾತ್ರ ಅದು ಸರ್‌ಪ್ಲಸ್ ಆಗುತ್ತದೆ. ಸರ್‌ಪ್ಲಸ್ ಆದ ಬಳಿಕವೂ ರಾಜ್ಯಗಳ ಮೂಲಕ ಸ್ಥಳೀಯ ಸಂಸ್ಥೆಗಳು ಅದನ್ನು ದಾನವಾಗಿ ಕೇಳಬಹುದು. ಅಲ್ಲೂ ಮಿಕ್ಕಿದ್ದು ಸಾರ್ವಜನಿಕ ಹರಾಜಿಗೆ ಬರುತ್ತದೆ. ಎರಡೂ ಪದಗಳಿಗೆ ನಾವು ‘ಹೆಚ್ಚುವರಿ’ ಎಂದೇ ಬರೆದರೆ, ಹರಾಜಿಗೆ ಬಂದ ಲಾರಿ ಯಾವ ಮೆಟ್ಟಿಲುಗಳನ್ನು ಇಳಿದು ಬಂದಿತೆಂದು ಓದುಗರಿಗೆ ತಿಳಿಸಲು ಪದವೇ ಉಳಿಯುವುದಿಲ್ಲ.

ಆದ್ದರಿಂದ ನನ್ನ ಸೂಚನೆ ಹೀಗಿದೆ: ಎಕ್ಸೆಸ್ ಎಂಬುದಕ್ಕೆ ‘ಹೆಚ್ಚುವರಿ’, ಸರ್‌ಪ್ಲಸ್ ಎಂಬುದಕ್ಕೆ ‘ಮಿಗತೆ’. ಮಿಗು ಎಂಬ ಧಾತುವಿನಲ್ಲಿ ಮೀರುವುದು, ಉಳಿಯುವುದು ಎರಡೂ ಇವೆ. ‘ಮಿಕ್ಕದ್ದು’ ಎನ್ನುವಾಗ ಎಲ್ಲರೂ ತೆಗೆದುಕೊಂಡ ಮೇಲೆ ಉಳಿದದ್ದು ಎಂಬ ಧ್ವನಿ ತಾನಾಗಿಯೇ ಇದೆ, ಮತ್ತು ಕಾನೂನು ಹೇಳುವುದೂ ಅದನ್ನೇ. ‘ಮಿಗತೆ ಬಜೆಟ್’ ಎಂಬ ಬಳಕೆ ಪತ್ರಿಕೆಗಳಲ್ಲಿ ಇರುವುದರಿಂದ ಪದ ತೀರಾ ಹೊಸದೂ ಅಲ್ಲ. ಲೆಕ್ಕಪತ್ರದಾಚೆಗೆ, ಕಣ್ಣಿಗೆ ಕಾಣುವ ವಸ್ತುವಿಗೆ ‘ಮಿಗತೆ ಲಾರಿ’ ಎಂದರೆ ಕಿವಿಗೆ ಒಪ್ಪುತ್ತದೆಯೇ ಎಂಬ ಬಗ್ಗೆ ಮಾತ್ರ ತಮ್ಮೆಲ್ಲರ ಅಭಿಪ್ರಾಯ ಬೇಕು. ಬಳಕೆಗೆ ಬಾರದ್ದೆಂದು ಅಧಿಕಾರಿಗಳು ಬರೆದುಕೊಟ್ಟ ವಾಹನದ್ದು ಮೂರನೆಯ ಸ್ಥಿತಿ. ಅದಕ್ಕೆ ನಮ್ಮ ಬಸ್ ಡಿಪೋಗಳಲ್ಲಿ ಹೇಳುವ ‘ಕಂಡಮ್’ ಎಂಬುದನ್ನೇ ಇಟ್ಟುಕೊಳ್ಳಬಹುದೆಂದು ನನಗನ್ನಿಸುತ್ತದೆ. ‘ಅನುಪಯುಕ್ತ’ ಎಂಬುದಕ್ಕಿಂತ ‘ಗಾಡಿ ಕಂಡಮ್ ಆಗಿದೆ’ ಎಂಬ ಮಾತು ಹೆಚ್ಚು ಜನರಿಗೆ ತಿಳಿಯುತ್ತದೆ.

ಇಲ್ಲಿ ‘ಡಿಸ್ಪೋಸಲ್’ ಎಂಬ ಪದದ ಬಗ್ಗೆ ಹೇಳದಿದ್ದರೆ ಚರ್ಚೆ ಅಪೂರ್ಣವಾಗುತ್ತದೆ. ಕೊಡಗು ಮತ್ತು ಮಲೆನಾಡಿನ ಕಡೆ ಸೇನೆಯಿಂದ ಬಂದ ಹಳೆಯ ಜೀಪನ್ನು ‘ಡಿಸ್ಪೋಸಲ್ ಜೀಪು’ ಎನ್ನುವುದುಂಟು. ಅಮೆರಿಕದಲ್ಲಿ ಸರ್‌ಪ್ಲಸ್ ಎನ್ನುವ ಕಡೆ ಭಾರತದುದ್ದಕ್ಕೂ ಕೇಳಿಬರುವುದು ಇದೇ ಪದ. ಇದಕ್ಕೆ ಕಾರಣ ಆಡಳಿತದಲ್ಲಿದೆ. ಎರಡನೆಯ ಮಹಾಯುದ್ಧ ಮುಗಿದಾಗ ಬ್ರಿಟಿಷ್ ಮತ್ತು ಅಮೆರಿಕನ್ ಪಡೆಗಳು ಇಲ್ಲಿ ಬಿಟ್ಟ ಅಪಾರ ಸಾಮಗ್ರಿಯನ್ನು ಮಾರುವ ಕೆಲಸಕ್ಕೆ ಸರ್ಕಾರದಲ್ಲಿ ಡಿಸ್ಪೋಸಲ್ಸ್ ಎಂಬ ಹೆಸರಿನ ವಿಭಾಗವೇ ಇತ್ತು; 1951ರಲ್ಲಿ ರೂಪುಗೊಂಡು 2017ರಲ್ಲಿ ಮುಚ್ಚಿದ ಡೈರೆಕ್ಟರೇಟ್ ಜನರಲ್ ಆಫ್ ಸಪ್ಲೈಸ್ ಅಂಡ್ ಡಿಸ್ಪೋಸಲ್ಸ್‌ನ ಹೆಸರಿನಲ್ಲಿಯೂ ಆ ಪದ ಕೊನೆಯವರೆಗೆ ಉಳಿಯಿತು. ಯುದ್ಧಕಾಲದಲ್ಲಿ ಅಮೆರಿಕನ್ನರ ನೆಲೆಯಿದ್ದ ಪಶ್ಚಿಮ ಬಂಗಾಳದ ಪಾನಾಗಢ ಇಂದಿಗೂ ಸೇನೆಯ ಹಳೆಯ ವಾಹನಗಳ ಮತ್ತು ಬಿಡಿಭಾಗಗಳ ಪೇಟೆಯೆಂದೇ ಹೆಸರಾಗಿದೆ. ಅಮೆರಿಕದಲ್ಲಿಯೂ ಇದೇ ಕೆಲಸ ಮಾಡುವ ಕಚೇರಿಯ ಹೆಸರು 1972ರಲ್ಲಿ ‘ಪ್ರಾಪರ್ಟಿ ಡಿಸ್ಪೋಸಲ್’ ಎಂದಿದ್ದದ್ದು 1985ರಲ್ಲಿ ‘ರೀಯುಟಿಲೈಸೇಷನ್ ಅಂಡ್ ಮಾರ್ಕೆಟಿಂಗ್’ ಎಂದಾಗಿ, 2010ರಿಂದ ‘ಡಿಸ್ಪೊಸಿಷನ್ ಸರ್ವಿಸಸ್’ ಎಂದಾಗಿದೆ. ಆದರೆ ಡಿಸ್ಪೋಸಲ್ ಎಂಬುದು ಮಾರುವ ಕ್ರಿಯೆಯ ಹೆಸರು. ವಸ್ತುವಿನ ಸ್ಥಿತಿಯನ್ನು ಅದು ಹೇಳುವುದಿಲ್ಲ; ಚೆನ್ನಾಗಿ ಓಡುವ ಲಾರಿಯೂ ಡಿಸ್ಪೋಸಲ್, ಕಂಡಮ್ ಆದದ್ದೂ ಡಿಸ್ಪೋಸಲ್. ಮಾತಿನಲ್ಲಿ ಅದು ಇರಲಿ, ಅದನ್ನು ಕಿತ್ತುಹಾಕುವ ಅಗತ್ಯವೂ ಇಲ್ಲ. ಸ್ಥಿತಿಯನ್ನು ಹೇಳಬೇಕಾದ ಕಡೆ ಮಾತ್ರ ಮೇಲಿನ ಮೂರು ಪದಗಳು ಬೇಕು.

ಎರಡನೆಯ ತೊಡಕು ‘ಟೈಟಲ್’, ಅಂದರೆ ವಾಹನದ ಒಡೆತನವನ್ನು ಹೇಳುವ ದಾಖಲೆ. ಹರಾಜಿನಲ್ಲಿ ಗೆದ್ದವರಿಗೆ, ಎಲ್ಲ ಲಾರಿಗಳಿಗಲ್ಲದಿದ್ದರೂ, ಸರ್ಕಾರ ‘ಎಸ್‌ಎಫ್ 97’ ಎಂಬ ನಮೂನೆಯನ್ನು ಕೊಡುತ್ತದೆ. ಅದು ಟೈಟಲ್ ಅಲ್ಲ. ಅದನ್ನು ತೋರಿಸಿ ತಮ್ಮ ರಾಜ್ಯದ ಮೋಟಾರು ವಾಹನ ಇಲಾಖೆಯಿಂದ ಟೈಟಲ್ ಪಡೆಯಬೇಕು, ಆಮೇಲೆ ನೋಂದಣಿ ಮಾಡಿಸಬೇಕು. ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತವೆ. ನಮ್ಮಲ್ಲಿ ಒಡೆತನಕ್ಕೂ ನೋಂದಣಿಗೂ ಆರ್‌ಸಿ ಒಂದೇ ದಾಖಲೆಯಾಗಿರುವುದರಿಂದ ಈ ಎರಡು ಹಂತಗಳನ್ನು ಬೇರೆಮಾಡಿ ಹೇಳುವ ಅಭ್ಯಾಸ ನಮ್ಮ ಭಾಷೆಗಿಲ್ಲ. ‘ಹಕ್ಕುಪತ್ರ’ ಎಂದರೆ ಕನ್ನಡಿಗರ ಮನಸ್ಸಿನಲ್ಲಿ ಜಮೀನು, ನಿವೇಶನಗಳೇ ಮೂಡುತ್ತವೆ. ಟೈಟಲ್‌ಗೆ ‘ಒಡೆತನದ ಪತ್ರ’ ಎಂದು, ಎಸ್‌ಎಫ್ 97ಕ್ಕೆ ‘ಒಡೆತನದ ಪತ್ರ ಪಡೆಯಲು ಸರ್ಕಾರ ಕೊಡುವ ಪ್ರಮಾಣಪತ್ರ’ ಎಂದು ಉದ್ದವಾದರೂ ಬಿಡಿಸಿಯೇ ಬರೆದಿದ್ದೇನೆ. ಈ ಪ್ರಮಾಣಪತ್ರ ಸಿಗುವ ಲಾರಿಗೂ ಸಿಗದ ಲಾರಿಗೂ ಇರುವ ಅಂತರವೇ ಕೊಳ್ಳುವವರ ಪಾಲಿಗೆ ಎಲ್ಲಕ್ಕಿಂತ ದೊಡ್ಡದು. ಹೋಲಿಕೆಗೆ ನಮ್ಮ ಕಾನೂನನ್ನೂ ನೋಡಬಹುದು: 1988ರ ಮೋಟಾರು ವಾಹನ ಕಾಯ್ದೆಯ 60ನೆಯ ಕಲಮಿನಡಿ ರಕ್ಷಣಾ ಇಲಾಖೆಯ ವಾಹನಗಳಿಗೆ ಬೇರೆಯೇ ನೋಂದಣಿ ಇದೆ, ರಕ್ಷಣಾ ಬಳಕೆ ನಿಂತಕೂಡಲೇ ಅವು ಎಲ್ಲರಿಗೂ ಅನ್ವಯಿಸುವ 39 ಮತ್ತು 40ನೆಯ ಕಲಮುಗಳಿಗೆ ಒಳಪಡುತ್ತವೆ. ಇಲ್ಲಿ ಕೊಂಡವರು ಬಣ್ಣವನ್ನೂ ಬದಲಿಸಬೇಕು, ಏಕೆಂದರೆ 1989ರ ಕೇಂದ್ರ ನಿಯಮಗಳ 121ನೆಯ ನಿಯಮ ಆಲಿವ್ ಹಸಿರನ್ನು ರಕ್ಷಣಾ ಇಲಾಖೆಯ ವಾಹನಗಳಿಗಷ್ಟೇ ಮೀಸಲಿಟ್ಟಿದೆ.

ಈಗ ಭಾರದ ಮಾತು. 1950ರ ಸುಮಾರಿಗೆ ಅಮೆರಿಕದ ಸೇನೆಗೆ ಬಂದು ದಶಕಗಳ ಕಾಲ ದುಡಿದ ಎಂ35 ಲಾರಿಯನ್ನು ಅಲ್ಲಿನವರು ‘ಎರಡೂವರೆ ಟನ್’ ಎನ್ನುತ್ತಾರೆ. ಇದನ್ನು ಹಾಗೆಯೇ ಕನ್ನಡಕ್ಕಿಳಿಸಿದರೆ ಮೂರು ಕಡೆ ತಪ್ಪರ್ಥವಾಗುತ್ತದೆ. ಒಂದು, ಅದು ಲಾರಿಯ ತೂಕವಲ್ಲ, ಹೊರುವ ಭಾರ. ಖಾಲಿ ಲಾರಿಯೇ ಸುಮಾರು 6,000 ಕಿಲೋ ತೂಗುತ್ತದೆ. ಎರಡು, ಅದು ರಸ್ತೆಯಿಲ್ಲದ ನೆಲದಲ್ಲಿ ಹೊರಬಹುದಾದ ಭಾರ. ಒಳ್ಳೆಯ ರಸ್ತೆಯಲ್ಲಿ ಅದರ ಎರಡರಷ್ಟು, ಅಂದರೆ 5 ಟನ್ ಹೊರಬಹುದು. ಮೂರು, ಆ ಟನ್ 2,000 ಪೌಂಡಿನದು, ಅಂದರೆ ಸುಮಾರು 907 ಕಿಲೋ. ನಮ್ಮ ಟನ್ 1,000 ಕಿಲೋ. ನಮ್ಮ ಸೈನಿಕರಲ್ಲಿ ಈ ಬಗೆಯ ಹೆಸರು ಹೊಸದೇನಲ್ಲ. ಜರ್ಮನಿಯ ಮಾನ್ ಕಂಪನಿಯ ಪರವಾನಗಿಯಲ್ಲಿ 1959ರಿಂದ ಜಬಲ್ಪುರದಲ್ಲಿ ತಯಾರಾದ ಶಕ್ತಿಮಾನ್ ಲಾರಿಯನ್ನು ‘ತ್ರೀ ಟನ್’ ಎಂದು, ನಿಸ್ಸಾನ್ ಗಾಡಿಯನ್ನು ‘ವನ್ ಟನ್’ ಎಂದು ಕರೆಯುವುದನ್ನು ನಿವೃತ್ತ ಸೈನಿಕರಿಂದ ಈಗಲೂ ಕೇಳಬಹುದು. ಅಲ್ಲಿಯೂ ಟನ್ ಎಂದರೆ ಹೊರುವ ವರ್ಗ. ಹೀಗಾಗಿ ನಾನು ‘ಎರಡೂವರೆ ಟನ್ ವರ್ಗದ ಲಾರಿ’ ಎಂದು ಬರೆದು, ಖಾಲಿ ತೂಕ ಮತ್ತು ಒಟ್ಟು ತೂಕಗಳನ್ನು ಬೇರೆಯಾಗಿ ಕೊಡುತ್ತಿದ್ದೇನೆ.

ಇದರಿಂದಲೇ ‘ಭಾರೀ’ ಎಂಬ ವಿಶೇಷಣದ ಪ್ರಶ್ನೆ ಏಳುತ್ತದೆ. ಘಾಟಿಯಲ್ಲಿ ‘ಘನ ವಾಹನ ನಿಷೇಧ’ ಎಂದು ಕೆಲವು ಪತ್ರಿಕೆಗಳೂ ‘ಭಾರೀ ವಾಹನ’ ಎಂದು ಇನ್ನು ಕೆಲವೂ ಬರೆಯುತ್ತವೆ. ‘ಭಾರೀ ಲಾರಿ’ ಎಂದರೆ ಬಹು ದೊಡ್ಡ ಲಾರಿ ಎಂಬ ಆಡುಮಾತಿನ ಅರ್ಥವೂ ಬರುವುದರಿಂದ ಕಾನೂನಿನ ವರ್ಗವನ್ನು ಹೇಳಲು ನನಗೆ ‘ಘನ’ವೇ ಮೇಲೆನಿಸುತ್ತದೆ. ಭಾರತದ ಕಾಯ್ದೆಯಲ್ಲಿ ಒಟ್ಟು ತೂಕ 12,000 ಕಿಲೋ ಮೀರಿದ ಸರಕು ವಾಹನ ಘನ ವಾಹನ. ಅಮೆರಿಕದಲ್ಲಿ ವಾಣಿಜ್ಯ ಚಾಲನಾ ಪರವಾನಗಿಯ ಗೆರೆ 26,001 ಪೌಂಡಿನಿಂದ, ಎಂದರೆ ಸುಮಾರು 11,800 ಕಿಲೋದಿಂದ, ಮೊದಲಾಗುತ್ತದೆ. ಎಂ35 ರಸ್ತೆಯ ಪೂರ್ತಿ ಭಾರ ಹೊತ್ತರೂ 10,500 ಕಿಲೋದ ಆಸುಪಾಸಿನಲ್ಲಿ ನಿಲ್ಲುತ್ತದೆ. ನೋಡಲು ಎಷ್ಟೇ ದೈತ್ಯವಾಗಿದ್ದರೂ ಎರಡೂ ದೇಶಗಳ ಲೆಕ್ಕದಲ್ಲಿ ಅದು ಘನ ವಾಹನವಲ್ಲ. ಅದರ ಮುಂದಿನ ‘ಐದು ಟನ್’ ವರ್ಗದ ಎಂ939 ಖಾಲಿಯಿದ್ದಾಗಲೇ 10,000 ಕಿಲೋದಷ್ಟು ತೂಗುವುದರಿಂದ ಸರಕು ಹೇರಿದರೆ ಗೆರೆ ದಾಟುತ್ತದೆ. ಎರಡನ್ನೂ ‘ಭಾರೀ ಮಿಲಿಟರಿ ಲಾರಿ’ ಎಂದು ಒಂದೇ ಉಸಿರಿನಲ್ಲಿ ಹೇಳಿದರೆ, ಯಾವುದಕ್ಕೆ ಎಂಥ ಪರವಾನಗಿ ಬೇಕೆಂಬ ಮುಖ್ಯ ವಿಷಯವೇ ಮರೆಯಾಗುತ್ತದೆ.

ಚಕ್ರಗಳ ಎಣಿಕೆಯಲ್ಲಿಯೂ ಇಂಥದೇ ಒಂದು ಭೇದವಿದೆ. ನಾವು ನೆಲ ಮುಟ್ಟುವ ಟೈರುಗಳನ್ನು ಎಣಿಸಿ ‘ಹತ್ತು ಚಕ್ರದ ಲಾರಿ’ ಎನ್ನುತ್ತೇವೆ. ಹಿಂದೆ ಜೋಡಿ ಟೈರುಗಳಿರುವ ಎಂ35ಕ್ಕೆ ಆ ಮಾತು ಸರಿಯಾಗಿ ಹೊಂದುತ್ತದೆ. ಆದರೆ ಅದರ ಕಾಗದಗಳಲ್ಲಿ ‘ಸಿಕ್ಸ್ ಬೈ ಸಿಕ್ಸ್’ ಎಂದಿರುತ್ತದೆ, ಏಕೆಂದರೆ ಅಲ್ಲಿ ಜೋಡಿ ಟೈರನ್ನು ಒಂದೇ ಚಕ್ರವೆಂದು ಹಿಡಿದು, ಆರರಲ್ಲಿ ಆರಕ್ಕೂ ಎಂಜಿನ್ನಿನ ಎಳೆತವಿದೆ ಎಂದು ಹೇಳಲಾಗುತ್ತದೆ. ಜೀಪಿನಿಂದಾಗಿ ‘ಫೋರ್ ಬೈ ಫೋರ್’ ನಮ್ಮ ಹಳ್ಳಿಗಳವರೆಗೆ ತಲುಪಿರುವುದರಿಂದ ‘ಸಿಕ್ಸ್ ಬೈ ಸಿಕ್ಸ್’ ಎಂದೇ ಉಳಿಸಿ, ಮೊದಲ ಬಾರಿ ಬಂದಲ್ಲಿ ಮಾತ್ರ ವಿವರಿಸುವುದು ಒಳ್ಳೆಯದೆಂದು ತೋರುತ್ತದೆ. ಬ್ರೇಕಿನ ವಿಚಾರದಲ್ಲಿ ‘ಏರ್ ಬ್ರೇಕ್’ ಎಂದು ಬರೆಯುವಾಗ ಮಾತ್ರ ಎಚ್ಚರವಿರಬೇಕು: ಎಂ35ರಲ್ಲಿ ಚಕ್ರವನ್ನು ಹಿಡಿಯುವುದು ಆಯಿಲ್ ಬ್ರೇಕ್, ಗಾಳಿಯದು ಪೆಡಲಿಗೆ ಬಲ ಕೊಡುವ ಕೆಲಸವಷ್ಟೇ. ಹಳೆಯ ಮಾದರಿಗಳಲ್ಲಿ ಆ ಆಯಿಲ್ ಸಾಲು ಒಂದೇ ಆದ್ದರಿಂದ ಒಂದು ಕಡೆ ಪೈಪು ಒಡೆದರೆ ಎಲ್ಲ ಚಕ್ರಗಳ ಬ್ರೇಕೂ ಹೋಗುತ್ತದೆ. ಓಡಿಸುವವರ ಜೀವದ ಪ್ರಶ್ನೆ ಇದಾದ್ದರಿಂದ ‘ಗಾಳಿ ಸಹಾಯದ ಆಯಿಲ್ ಬ್ರೇಕ್’ ಎಂದು ಬರೆದಿದ್ದೇನೆ. ಇದಕ್ಕಿಂತ ಚಿಕ್ಕ ಮಾತು ಗ್ಯಾರೇಜುಗಳಲ್ಲಿ ಇದ್ದರೆ ತಿಳಿಸಿಕೊಡಿ.

‘ಸಿವಿಲಿಯನ್’ ಎಂಬುದಕ್ಕೆ ‘ನಾಗರಿಕ’ ಬೇಡವೆಂಬುದು ನನ್ನ ಖಚಿತ ಅಭಿಪ್ರಾಯ. ಸೈನಿಕನೂ ನಾಗರಿಕನೇ. ‘ಸೇನೆಗೆ ಸೇರದವರು’ ಎಂದರೆ ಸಾಕು. ಹೆಚ್ಚಿನ ಕಡೆ ‘ಖಾಸಗಿಯವರು’ ಎಂದರೂ ನಡೆಯುತ್ತದೆ.

ಇನ್ನೆರಡು ಬಿಡಿ ಪ್ರಶ್ನೆಗಳಿವೆ. ಎಂ35ಕ್ಕೆ ಕೀ ಇಲ್ಲ. ಒಂದು ಸ್ವಿಚ್ಚಿನ ಹಿಡಿಯನ್ನು ತಿರುಗಿಸಿ, ಗುಂಡಿ ಒತ್ತಿದರೆ ಎಂಜಿನ್ ಹೊರಡುತ್ತದೆ. ಡೀಸೆಲ್‌ನಲ್ಲಿ ಓಡುವ ಮಾದರಿಗಳಲ್ಲಿ ಸ್ವಿಚ್ಚನ್ನು ಹಿಂದಕ್ಕೆ ತಿರುಗಿಸಿದರೂ ಅದು ನಿಲ್ಲುವುದಿಲ್ಲ. ನಿಲ್ಲಿಸಲು ಡ್ಯಾಶಿನಲ್ಲಿರುವ ಇನ್ನೊಂದು ಹಿಡಿಯನ್ನು ಎಳೆದು ಇಂಧನ ಕಡಿಯಬೇಕು. ‘ಕೀ ಆಫ್ ಮಾಡಿ’ ಎಂಬ ನಮ್ಮ ಸಿದ್ಧ ವಾಕ್ಯ ಇಲ್ಲಿ ಕೆಲಸಕ್ಕೆ ಬಾರದು. ನಮ್ಮ ಹಳೆಯ ಡೀಸೆಲ್ ಲಾರಿಗಳಲ್ಲಿಯೂ ಎಳೆದು ನಿಲ್ಲಿಸುವ ಹಿಡಿ ಇರುತ್ತಿತ್ತು. ಅದನ್ನು ತಮ್ಮ ಕಡೆಯ ಚಾಲಕರು ಏನೆಂದು ಕರೆಯುತ್ತಿದ್ದರು?

ಎರಡನೆಯದು ಹಳೆಯ ಪತ್ರಿಕೆಗಳನ್ನು ಬಲ್ಲವರಿಗೆ. ಯುದ್ಧ ಮುಗಿದ ಮೇಲೆ, 1946ರಿಂದ 1950ರ ನಡುವೆ, ಸೇನೆಯ ಲಾರಿಗಳ ಹರಾಜಿನ ಪ್ರಕಟಣೆಗಳು ಮೈಸೂರು, ಧಾರವಾಡ, ಮಂಗಳೂರುಗಳ ಕನ್ನಡ ಪತ್ರಿಕೆಗಳಲ್ಲಿ ಬಂದಿದ್ದರೆ, ಅವುಗಳಲ್ಲಿ ಸರ್‌ಪ್ಲಸ್ ಎಂಬುದಕ್ಕೆ ಯಾವ ಪದ ಅಚ್ಚಾಗಿತ್ತು? ಹರಾಜು ಎಂದಿತ್ತೇ, ಲಿಲಾವು ಎಂದಿತ್ತೇ? ಒಂದೆರಡು ಪ್ರಕಟಣೆಗಳ ಪೂರ್ತಿ ವಾಕ್ಯಗಳನ್ನು ಯಾರಾದರೂ ಇದ್ದಂತೆಯೇ ನಕಲು ಮಾಡಿ ಕಳಿಸಿದರೆ, ‘ಮಿಗತೆ’ಯನ್ನು ಉಳಿಸಬೇಕೋ, ಆ ಹಳೆಯ ಪದಕ್ಕೆ ಮರಳಬೇಕೋ ಎಂಬುದನ್ನು ಬರಹ ಅಚ್ಚಿಗೆ ಹೋಗುವ ಮೊದಲೇ ತೀರ್ಮಾನಿಸಬಹುದು.