ಪದಚರ್ಚೆ: ವಯಸ್ಸಾದವರ ಕಾಲು ಕಪ್ಪಾಗುವುದಕ್ಕೆ ಏನನ್ನೋಣ? (ಫ್ಲೆಕ್ಸ್‌ಗೆ, ಇವತ್ತೇ ಬೇಕು)

ನಮಸ್ಕಾರ. ಊರಿನ ಹಿರಿಯರ ತಪಾಸಣೆ ಶಿಬಿರಕ್ಕೆ ಫ್ಲೆಕ್ಸ್ ಬರೆಯುತ್ತಿದ್ದೇನೆ. ಸಂಜೆ 5ಕ್ಕೆ ಅಂಗಡಿಗೆ ಕೊಡಬೇಕು.

ವಿಷಯ ಇಷ್ಟು. ಕಾಲಿನ ರಕ್ತನಾಳದೊಳಗಿನ ಕವಾಟಗಳು ಸಡಿಲವಾದರೆ ರಕ್ತ ಮೇಲೆ ಹೋಗದೆ ಕೆಳಗೇ ನಿಲ್ಲುತ್ತದೆ. ಕೆಂಪು ಕಣಗಳು ಸಣ್ಣ ನಾಳಗಳಿಂದ ಸೋರುತ್ತವೆ. ಅವುಗಳ ಕಬ್ಬಿಣ ಚರ್ಮದಲ್ಲಿ ಉಳಿದು ಹಿಮ್ಮಡಿಯ ಮೇಲ್ಗಡೆ, ಜಾಸ್ತಿ ಒಳಮಗ್ಗುಲಲ್ಲಿ, ಕಂದು ಇಲ್ಲವೇ ಕಪ್ಪು ಬಣ್ಣ ಕೂರುತ್ತದೆ. ಹಾಗೇ ಬಿಟ್ಟರೆ ಹುಣ್ಣಾಗಬಹುದು.

ಡಾಕ್ಟರ ಕರಡಿನಲ್ಲಿ ‘ಅಭಿಧಮನಿ ಸ್ಥಗಿತಜನ್ಯ ಚರ್ಮೋರಿಯೂತ’ ಎಂದಿದೆ. ಅಮ್ಮನಿಗೆ ಓದಿ ಹೇಳಿದೆ. ‘ಯಾರ ಹೆಸರು ಅದು?’ ಅಂದರು. ‘ಬಂಗು’ ಆಗುತ್ತದಾ?

———

> ಚರ್ಮೋರಿಯೂತ

ಅರಿಸಮಾಸ, ಸಂಸ್ಕೃತದ ‘ಚರ್ಮ’ಕ್ಕೆ ಕನ್ನಡದ ‘ಉರಿಯೂತ’ ಅಂಟಿಸಿದ್ದಾರೆ. ಅದರಲ್ಲಿ ಗುಣಸಂಧಿ ಬೇರೆ! ‘ಉರಿಯೂತ’ ಎಷ್ಟು ಚೆನ್ನಾದ ಪದ, ಉರಿಯೂ ಇದೆ, ಊತವೂ ಇದೆ. ಸುಮ್ನೆ ಕೆಡಿಸಿದ್ದಾರೆ. ಬಂಗು ಮುಖದ್ದು, ಕಾಲಿಗೆ ಇಳಿಸಬೇಡಿ.

ಕಲೆಗೆ ನಮ್ಮದೇ ಹಳೆಯ ಪದ ‘ಕಱೆ’ ಇದೆಯಲ್ಲ. ತಮಿಳರು ಇವತ್ತಿಗೂ ಕಱೈ ಅನ್ನುತ್ತಾರೆ. ನಾವು ಶಕಟರೇಫ (ಈ ‘ಱ’ ಅಕ್ಷರ) ಬಿಟ್ಟೆವು, ಕಱೆ ಹೋಗಿ ಫೋನ್ ಕರೆ ಉಳಿಯಿತು. ‘ಕಾಲ್ಗಱೆ’ ಎಂದು ಬರೆಯಿರಿ. ಮುಗಿಯಿತು.

———

> ಕಾಲ್ಗಱೆ

ಮೇಷ್ಟ್ರೇ, ಕಾಲ್ ಅಂದರೂ ಕರೆ, ಕರೆ ಅಂದರೂ ಕಾಲ್. ಜನ ಫ್ಲೆಕ್ಸಿನಲ್ಲಿ ನಂಬರ್ ಹುಡುಕುತ್ತಾರೆ.

ಕೂತಿರುವುದು ಕಬ್ಬಿಣ ತಾನೇ? ಅದಕ್ಕೆ ಡಾಕ್ಟರುಗಳು ಅನ್ನುವ ‘ಹೀಮೋಸಿಡರಿನ್’ ಕೂಡ ಗ್ರೀಕಿನ ನೆತ್ತರು, ಕಬ್ಬಿಣ ಸೇರಿ ಆದದ್ದೇ. ‘ತುಕ್ಕುಗಲೆ’ ಅನ್ನೋಣ.

———

30 ವರ್ಷ ನರ್ಸ್ ಆಗಿದ್ದವಳು ನಾನು. ತುಕ್ಕು ಅಂದ ಕೂಡಲೇ ಟಿಟಿ ಇಂಜೆಕ್ಷನ್ ಕೇಳುತ್ತಾರೆ. ಪಾದದ ಗಂಟಿಗೆ ‘ಹರಡು’ ಅನ್ನುವ ಪದವನ್ನೂ ಮುಟ್ಟಬೇಡಿ. ಒಮ್ಮೆ ಕರಪತ್ರದಲ್ಲಿ ‘ಕಾಲಿನ ಹರಡಿನ ಕಲೆ’ ಎಂದು ಹಾಕಿದ್ದರು. ಹರಡುವ ರೋಗ ಅಂದುಕೊಂಡು ಒಬ್ಬ ಸೊಸೆ ಅತ್ತೆಯ ಟವೆಲ್ ಬೇರೆ ಇಟ್ಟಳು.

ಬಂದವರು ಹೇಳುವುದು ‘ಕಾಲು ಕಪ್ಪಿಟ್ಟಿದೆ’ ಅಂತ. ಎಷ್ಟೋ ಜನ ಕೊಳೆ ಅಂದುಕೊಂಡು ಕಲ್ಲಿನಲ್ಲಿ ಉಜ್ಜಿ ಗಾಯ ಮಾಡಿಕೊಂಡು ಬರುತ್ತಾರೆ. ಮೊದಲು ಅದನ್ನು ಬರೆಯಿರಿ.

———

ಜನ ಅಂದದ್ದೆಲ್ಲ ಪದವಾದರೆ ನಿಘಂಟು ಯಾಕೆ? ನಾಳೆ ಕಾಲಿನ ನಾಳ ಉಬ್ಬುವುದಕ್ಕೆ ಅನ್ನುವ ‘ವೆರಿಕೋಸ್’ ಕೂಡ ಕನ್ನಡ ಅಂತೀರಿ.

———

ಆಗಲೇ ಆಗಿದೆ. ‘ನಂಗೆ ವೆರಿಕೋಸು’ ಅಂತ ಉಕಾರ ಹಚ್ಚಿಯೇ ಹೇಳುತ್ತಾರೆ. ಸಾಬೂನು, ಕಚೇರಿ ಬರುವಾಗ ನಿಮಗೆ ಅರ್ಜಿ ಹಾಕಿದ್ದವಾ? ಅರ್ಜಿಯೂ ಹೊರಗಿನದೇ, ಬಿಡಿ.

———

ಅರ್ಜಿಗೆ ‘ಬಿನ್ನಹ’ ಇದೆ. ಬಳಸಲು ಮನಸ್ಸಿಲ್ಲ ಅಷ್ಟೇ.

———

ಗಂಟೆ ನಾಲ್ಕೂಮುಕ್ಕಾಲು. ನರ್ಸ್ ಮೇಡಂ ಮಾತು ಕೇಳಿದೆ. ಅಂಗಡಿಗೆ ಕೊಟ್ಟದ್ದು ಇದು:

‘ಕಾಲು ಕಪ್ಪಿಟ್ಟಿದೆಯಾ? ಕೊಳೆಯಲ್ಲ, ಉಜ್ಜಬೇಡಿ. ಕಾಲಲ್ಲಿ ನಿಂತ ರಕ್ತದ ಕಲೆ. ಬಂದು ತೋರಿಸಿ.’

ಅಮ್ಮ ಓದಿದರು. ಏನೂ ಹೇಳಲಿಲ್ಲ. ಸೀರೆಯ ನೆರಿಗೆ ಒಂದಿಷ್ಟು ಎತ್ತಿ ಕಾಲು ನೋಡಿಕೊಂಡರು.

———

> ರಕ್ತದ ಕಲೆ

‘ನೆತ್ತರ ಕಱೆ’ ಅಂದಿದ್ದರೆ ಏನಾಗುತ್ತಿತ್ತು?