ಲಂಡನ್ನಿನ ಸೆಂಟ್ರಲ್ ಮಾರ್ಗ: ನೆಲದಡಿಯ ಸುರಂಗಕ್ಕೆ ಇಷ್ಟೊಂದು ತಿರುವುಗಳೇಕೆ?

ಪ್ರಶ್ನೆ
ಕಳೆದ ವರ್ಷ ಲಂಡನ್ನಿಗೆ ಹೋಗಿದ್ದಾಗ ಅಲ್ಲಿನ ನೆಲದಡಿಯ ರೈಲುಜಾಲದ ಸೆಂಟ್ರಲ್ ಮಾರ್ಗದ ಬ್ಯಾಂಕ್ ನಿಲ್ದಾಣದಲ್ಲಿ ಇಳಿದೆ. ಪ್ಲಾಟ್‌ಫಾರ್ಮ್ ಕುಡುಗೋಲಿನಂತೆ ಬಾಗಿತ್ತು. ಒಂದು ತುದಿಯಲ್ಲಿ ನಿಂತವರಿಗೆ ಇನ್ನೊಂದು ತುದಿ ಕಾಣುತ್ತಿರಲಿಲ್ಲ. ನೇರವಾದ ಬೋಗಿಯ ಬಾಗಿಲಿಗೂ ಬಾಗಿದ ಅಂಚಿಗೂ ನಡುವೆ ಕಾಲು ಜಾರಿದರೆ ಒಳಗಿಳಿದುಹೋಗುವಷ್ಟು ಸಂದು ಬಿದ್ದಿತ್ತು. ನೆಲದ ಮೇಲಾದರೆ ಮನೆ, ಕಟ್ಟಡಗಳನ್ನು ತಪ್ಪಿಸಲು ತಿರುಗಬೇಕಾಗುತ್ತದೆ ಎನ್ನಬಹುದು. ಮಣ್ಣಿನ ಆಳದಲ್ಲಿ ಹೋಗುವ ದಾರಿಯನ್ನು ನೇರವಾಗಿಯೇ ಕೊರೆಯಬಹುದಿತ್ತಲ್ಲವೇ? ಈ ಮಾರ್ಗದ ಬಗ್ಗೆ ಹೆಚ್ಚಿನವರಿಗೆ ತಿಳಿಯದ ಸಂಗತಿಗಳನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1
ನೀವು ಕಂಡ ತಿರುವು ಮೇಲಿನ ಬೀದಿಯದೇ. ಈ ಮಾರ್ಗದ ಮೊದಲ ಭಾಗ, ಶೆಫರ್ಡ್ಸ್ ಬುಷ್‌ನಿಂದ ಬ್ಯಾಂಕ್‌ವರೆಗೆ, 1900ರ ಜುಲೈ 30ರಂದು ಸಾರ್ವಜನಿಕರಿಗೆ ತೆರೆಯಿತು. ಎಲ್ಲಿಂದ ಎಲ್ಲಿಗೆ ಹೋದರೂ 2 ಪೆನ್ನಿ ದರವಿದ್ದುದರಿಂದ ಜನ ಅದನ್ನು ‘ಟುಪ್ಪೆನಿ ಟ್ಯೂಬ್’ ಎಂದು ಕರೆದರು. ಖಾಸಗಿ ಆಸ್ತಿಯ ಕೆಳಗೆ ಸುರಂಗ ಕೊರೆಯಬೇಕಾದರೆ ಮಾಲೀಕರಿಗೆ ಹಣ ತೆರಬೇಕಾಗುತ್ತಿತ್ತು; ಸಾರ್ವಜನಿಕ ಬೀದಿಯ ಕೆಳಗಾದರೆ ಆ ಹೊರೆ ಇರಲಿಲ್ಲ. ಹೀಗಾಗಿ ಸುರಂಗಗಳು ಬೀದಿಯ ಜಾಡನ್ನೇ ಹಿಡಿದು, ಅದು ಬಾಗಿದಲ್ಲಿ ತಾವೂ ಬಾಗಿದವು. ಬೀದಿಯ ಅಗಲ ಎರಡು ಸುರಂಗಗಳಿಗೆ ಸಾಲದ ಕಡೆಗಳಲ್ಲಿ ಅವುಗಳನ್ನು ಒಂದರ ಮೇಲೊಂದು ಕೊರೆದಿದ್ದಾರೆ. ನಾಟಿಂಗ್ ಹಿಲ್ ಗೇಟ್, ಚಾನ್ಸರಿ ಲೇನ್, ಸೇಂಟ್ ಪಾಲ್ಸ್ ನಿಲ್ದಾಣಗಳಲ್ಲಿ ಎರಡು ದಿಕ್ಕಿನ ಪ್ಲಾಟ್‌ಫಾರ್ಮ್‌ಗಳು ಬೇರೆ ಬೇರೆ ಮಟ್ಟದಲ್ಲಿರುವುದು ಇದಕ್ಕಾಗಿಯೇ.

ಉತ್ತರ 2
ಮೇಲಿನ ಉತ್ತರಕ್ಕೆ ಒಂದು ಮಾತು ಸೇರಿಸುತ್ತೇನೆ. ಈ ಸುರಂಗ ಅಡ್ಡಕ್ಕೆ ಬಾಗುವುದು ಮಾತ್ರವಲ್ಲ, ಮೇಲಕ್ಕೂ ಕೆಳಕ್ಕೂ ಏರಿಳಿಯುತ್ತದೆ, ಮತ್ತು ನನ್ನ ದೃಷ್ಟಿಯಲ್ಲಿ ಇಡೀ ಮಾರ್ಗದ ಅತ್ಯಂತ ಜಾಣತನದ ಕೆಲಸ ಇದೇ. ಹಳೆಯ ಭಾಗದ ನಿಲ್ದಾಣಗಳನ್ನು ಉಬ್ಬಿನ ಮೇಲೆ ಕಟ್ಟಲಾಗಿದೆ. ನಿಲ್ದಾಣಕ್ಕೆ ಬರುವ ರೈಲು ಪ್ರತಿ 60 ಅಡಿಗೆ 1 ಅಡಿಯಂತೆ ಏರುವುದರಿಂದ ವೇಗ ತಾನಾಗಿಯೇ ತಗ್ಗುತ್ತದೆ. ಹೊರಡುವಾಗ 30 ಅಡಿಗೆ 1 ಅಡಿಯಂತೆ ಇಳಿಯುವುದರಿಂದ ವೇಗ ಬೇಗ ಕೂಡುತ್ತದೆ. ಬ್ರೇಕೂ ಕಡಿಮೆ ಸವೆಯುತ್ತದೆ, ವಿದ್ಯುತ್ತೂ ಉಳಿಯುತ್ತದೆ. ಇಷ್ಟು ಎಚ್ಚರವಿದ್ದವರೂ ಎಂಜಿನ್‌ಗಳ ವಿಷಯದಲ್ಲಿ ಎಡವಿದರು: ಮೊದಲು ಓಡಿಸಿದ ಭಾರದ ವಿದ್ಯುತ್ ಎಂಜಿನ್‌ಗಳಿಂದ ಮೇಲಿನ ಕಟ್ಟಡಗಳು ಅದುರುತ್ತಿವೆ ಎಂಬ ದೂರುಗಳು ಬಂದು, 1903ರ ಹೊತ್ತಿಗೆ ಅವನ್ನು ತೆಗೆದು, ಬೋಗಿಗಳಲ್ಲಿಯೇ ಮೋಟಾರು ಇರುವ ರೈಲುಗಳನ್ನು ತರಬೇಕಾಯಿತು.

ಪ್ರಶ್ನೆ ಕೇಳಿದವರು
ಇಬ್ಬರಿಗೂ ಕೃತಜ್ಞತೆಗಳು. ನಿಲ್ದಾಣದಿಂದ ಹೊರಟ ಕೂಡಲೇ ರೈಲು ಮುಂದಕ್ಕೆ ಜಾರಿದಂತೆನಿಸಿದ್ದರ ಕಾರಣ ಈಗ ತಿಳಿಯಿತು. ಇನ್ನೊಂದು ಸಂದೇಹ: ಮೇಲೆ ತಂಪಾದ ಗಾಳಿ ಬೀಸುತ್ತಿದ್ದರೂ ಒಳಗೆ ಬೆವರು ಇಳಿಯುವಷ್ಟು ಸೆಕೆಯಿತ್ತು. ಆಳಕ್ಕೆ ಹೋದಂತೆ ತಂಪಾಗಬೇಕಲ್ಲವೇ?

ಉತ್ತರ 3
ಮೊದಮೊದಲು ತಂಪಾಗಿಯೇ ಇತ್ತು. ಆಳದ ಮಾರ್ಗಗಳನ್ನು ಕೊರೆದ ಕಾಲದಲ್ಲಿ ಸುತ್ತಲಿನ ಜೇಡಿಮಣ್ಣಿನ ಉಷ್ಣತೆ ಸುಮಾರು 14 ಡಿಗ್ರಿ ಸೆಲ್ಸಿಯಸ್ ಇತ್ತು. ರೈಲುಗಳ ಬ್ರೇಕು, ಮೋಟಾರುಗಳಿಂದ ಹೊಮ್ಮಿದ ಬಿಸಿಯನ್ನು ಆ ಮಣ್ಣು ದಶಕಗಟ್ಟಲೆ ಹೀರಿಕೊಂಡು, ಈಗ ಹಲವೆಡೆ 19ರಿಂದ 26 ಡಿಗ್ರಿಯವರೆಗೆ ಕಾದಿದೆ. ಇನ್ನು ಹೆಚ್ಚಿನ ಬಿಸಿಯನ್ನು ಹೀರುವ ಶಕ್ತಿ ಅದಕ್ಕೆ ಉಳಿದಿಲ್ಲ. ಸುರಂಗ ಬಹಳ ಕಿರಿದಾದುದರಿಂದ ಬೋಗಿಗಳಿಗೆ ಹವಾನಿಯಂತ್ರಣ ಅಳವಡಿಸುವುದೂ ಸುಲಭವಲ್ಲ, ಏಕೆಂದರೆ ಬೋಗಿಯಿಂದ ಹೊರದೂಡಿದ ಬಿಸಿ ಗಾಳಿ ಮತ್ತೆ ಅದೇ ಸುರಂಗದಲ್ಲಿ ಉಳಿಯುತ್ತದೆ.

ಇನ್ನೊಂದು ಸಂಗತಿಯನ್ನು ಹೇಳದಿರಲಾರೆ. ಪೂರ್ವಕ್ಕೆ ವಾನ್‌ಸ್ಟೆಡ್, ರೆಡ್‌ಬ್ರಿಜ್, ಗ್ಯಾಂಟ್ಸ್ ಹಿಲ್ ಕಡೆಗೆ ಕೊರೆದಿದ್ದ ಸುರಂಗಗಳಲ್ಲಿ ರೈಲು ಓಡುವ ಮೊದಲೇ ಎರಡನೆಯ ಮಹಾಯುದ್ಧ ಬಂತು. ಖಾಲಿ ಬಿದ್ದಿದ್ದ ಆ ಸುರಂಗಗಳಲ್ಲಿ ಪ್ಲೆಸ್ಸಿ ಕಂಪನಿ ವಿಮಾನದ ಬಿಡಿಭಾಗಗಳ ಕಾರ್ಖಾನೆ ನಡೆಸಿತು. ಸುರಂಗದ ಅಗಲ ಕಿರಿದು, ಉದ್ದವೋ ಮೈಲಿಗಟ್ಟಲೆ; ಹಾಗಾಗಿ ಸಾಮಾನು ಸಾಗಿಸಲು ಒಳಗೇ ಪುಟ್ಟ ಹಳಿಯೊಂದನ್ನು ಹಾಕಿಕೊಂಡಿದ್ದರು. ಪ್ರಯಾಣಿಕರ ರೈಲು ಅಲ್ಲಿಗೆ ಬಂದದ್ದು 1947ರ ಡಿಸೆಂಬರಿನಲ್ಲಿ.

ಉತ್ತರ 1 ಬರೆದವರು
ಮುಂದಿನ ಸಲ ಹೋದಾಗ ವೈಟ್ ಸಿಟಿ ನಿಲ್ದಾಣದಲ್ಲಿಯೂ ಇಳಿದು ನೋಡಿ. ಎಡಬದಿಯಲ್ಲಿ ಸಾಗುವುದು ರೂಢಿಯಾಗಿರುವ ಈ ಜಾಲದಲ್ಲಿ ಅಲ್ಲಿ ರೈಲುಗಳು ಬಲಬದಿಯಲ್ಲಿ ಓಡುತ್ತವೆ. 1908ರಲ್ಲಿ ಅಲ್ಲೇ ಸಮೀಪದಲ್ಲಿ ತೆರೆದ ವುಡ್ ಲೇನ್ ಎಂಬ ಕೊನೆಯ ನಿಲ್ದಾಣಕ್ಕೆ ರೈಲುಗಳು ಸುತ್ತುಹಳಿಯಲ್ಲಿ ಬಂದು ಹಿಂದಿರುಗುತ್ತಿದ್ದವು. ಆ ನಿಲ್ದಾಣ ಮುಚ್ಚಿದರೂ ಹಳಿಯ ಜಾಡು ಬದಲಾಗಲಿಲ್ಲ.